ಬ್ರೇಕ್ ಕಲ್ಲಾದಾಗ



ನಿಮ್ಮಲ್ಲಿ ಕೆಲವರು ಮನೆಯಲ್ಲಿ ಕೂತು ಕೇಳುತ್ತಿರಬಹುದು. ಕೆಲವರು ಕಾರು ಓಡಿಸುತ್ತಲೇ ಕೇಳುತ್ತಿರಬಹುದು. ಓಡಿಸುತ್ತಿರುವವರಿಗೆ ಮೊದಲೇ ಒಂದು ಮಾತು. ಇವತ್ತು ನಾನು ಮೂರು ಪರೀಕ್ಷೆ ಹೇಳುತ್ತೇನೆ. ಯಾವುದನ್ನೂ ಈಗಲೇ ಮಾಡಿ ನೋಡಬೇಡಿ. ಮನೆ ತಲುಪಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದ ಮೇಲೆ ಮಾಡಿ.

ನಾನು ಮೋಟಾರು ಮೆಕ್ಯಾನಿಕ್ ಪಾಠ ಹೇಳಿಕೊಂಡು ಬಂದವನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಕಡೆಯ ಹುಡುಗರೂ ನನ್ನ ಕೈಯಲ್ಲಿ ಬ್ರೇಕಿನ ಪಾಠ ಕೇಳಿದ್ದಾರೆ. ಅಂಥ ನಾನು, ನನ್ನದೇ ಕಾರಿನ ಬ್ರೇಕ್ ಗಟ್ಟಿಯಾದಾಗ ಮೂರು ವಾರ ತಪ್ಪು ಜಾಗದಲ್ಲಿ ಹುಡುಕಿದೆ. ಹೇಳಿಕೊಳ್ಳಲು ನಾಚಿಕೆಯೇ. ಆದರೂ ಹೇಳುತ್ತೇನೆ. ನಾನು ಎಡವಿದ ಜಾಗದಲ್ಲೇ ಬಹಳ ಜನ ಎಡವುತ್ತಾರೆ.

ಕನಕಪುರದಿಂದ ಸಂಗಮಕ್ಕೆ ಹೋಗುವ ರಸ್ತೆ ನಿಮಗೆ ಗೊತ್ತು. ಅರ್ಕಾವತಿ ಕಾವೇರಿಯನ್ನು ಸೇರುವ ಜಾಗ, ಅದರ ಮುಂದೆ ಮೇಕೆದಾಟು. ಊರುಗಳು ಮುಗಿದು ಕಾಡು ಶುರುವಾದ ಮೇಲೆ ರಸ್ತೆ ತಿರುತಿರುಗಿ ಇಳಿಯುತ್ತದೆ. ಒಂದು ಭಾನುವಾರ ನಾನೂ ನಮ್ಮ ಮನೆಯವರೂ ಹೊರಟಿದ್ದೆವು. ಹಳೆಯ ಪೆಟ್ರೋಲ್ ಕಾರು. ಮೊದಲ ಎರಡು ತಿರುವಿನಲ್ಲಿ ಬ್ರೇಕ್ ಚೆನ್ನಾಗೇ ಹಿಡಿಯಿತು. ಮೂರನೆಯ ತಿರುವಿನಲ್ಲಿ ಕಾಲಿಟ್ಟೆ. ಪೆಡಲ್ ಇಳಿಯಲಿಲ್ಲ. ಬಂಡೆಯ ಮೇಲೆ ಕಾಲಿಟ್ಟ ಹಾಗಾಯಿತು. ಕಾರೇನೋ ನಿಧಾನವಾಯಿತು, ಆದರೆ ಸಂತೆಯಲ್ಲಿ ಚೌಕಾಸಿ ಮಾಡುವವರ ಹಾಗೆ, ಇಷ್ಟಿಷ್ಟೇ ಬಿಟ್ಟುಕೊಡುತ್ತಾ. ಎರಡನೇ ಗೇರಿಗೆ ಇಳಿಸಿದೆ. ಎರಡೂ ಕಾಲು ಕೊಟ್ಟು ಸೀಟಿನಿಂದ ಎದ್ದು ತುಳಿದೆ. ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆದೆ. ಒಂದು ಕಿಲೋಮೀಟರ್ ಕಲ್ಲಿನ ಪಕ್ಕ ಕಾರು ನಿಂತಿತು.

ನಮ್ಮ ಮನೆಯವರು ಕೇಳಿದರು: "ಯಾಕ್ರೀ, ಇವತ್ತು ನಿಂತ್ಕೊಂಡು ಬ್ರೇಕ್ ಹಾಕ್ತಾ ಇದ್ದೀರಿ?"

ನನ್ನ ಹತ್ತಿರ ಉತ್ತರ ಇತ್ತು. ಅದು ತಪ್ಪು ಉತ್ತರ. ಯಾಕೆ ತಪ್ಪು ಎಂದು ಹೇಳಬೇಕಾದರೆ, ಪೆಡಲ್ ಗಟ್ಟಿಯಾಗುವುದು ಎಂದರೇನು ಎಂಬುದು ಮೊದಲು ತಿಳಿದಿರಬೇಕು.

ಗ್ಯಾರೇಜಿಗೆ ಬರುವವರು ಎಲ್ಲಕ್ಕೂ ಒಂದೇ ಮಾತು ಹೇಳುತ್ತಾರೆ. "ಬ್ರೇಕ್ ಸರಿ ಇಲ್ಲ." ವೈದ್ಯರ ಹತ್ತಿರ ಹೋಗಿ "ಮೈ ಸರಿ ಇಲ್ಲ" ಅಂದ ಹಾಗೆ. ಆದರೆ ನಿಮ್ಮ ಪಾದಕ್ಕೆ ಇದಕ್ಕಿಂತ ಹೆಚ್ಚು ಗೊತ್ತು. ಪೆಡಲ್ ತುಳಿದಾಗ ಹತ್ತಿಯ ದಿಂಬು ತುಳಿದ ಹಾಗೆ ಮೆತ್ತಗಿದ್ದರೆ, ಬ್ರೇಕ್ ಆಯಿಲ್ ಒಳಗೆ ಗಾಳಿ ಸೇರಿರಬಹುದು. ತುಳಿದು ಹಿಡಿದಾಗ ಮೆಲ್ಲಮೆಲ್ಲನೆ ತಳಕ್ಕೆ ಇಳಿಯುತ್ತಾ ಹೋದರೆ, ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿದೆ. ಇವೆರಡರಲ್ಲಿ ಯಾವುದಾದರೂ ಸರಿ, ಕಾರು ಓಡಿಸಲೇಬೇಡಿ. ಮೂರನೆಯದು ನಮ್ಮ ಇವತ್ತಿನ ವಿಷಯ. ಪೆಡಲ್ ಇಳಿಯುವುದೇ ಇಲ್ಲ. ಮೇಸ್ತ್ರಿಗಳ ಮಾತಿನಲ್ಲಿ, ಬ್ರೇಕ್ ಕಲ್ಲಾಗಿದೆ.

ಬಹಳ ಸಲ ಕಲ್ಲಾದ ಪೆಡಲಿನ ಹಿಂದೆ ಬ್ರೇಕ್ ಕೆಟ್ಟೇ ಇರುವುದಿಲ್ಲ. ಬ್ರೇಕಿಗೆ ಕೈಜೋಡಿಸುತ್ತಿದ್ದ ಒಬ್ಬ ಆಳು ಕೆಲಸ ಬಿಟ್ಟು ಹೋಗಿರುತ್ತಾನೆ. ಆ ಆಳು ಯಾರು? ಗಾಳಿ.

ಬಾನೆಟ್ ಎತ್ತಿ, ಚಾಲಕನ ಸೀಟಿನ ನೇರಕ್ಕೆ, ಇಂಜಿನ್ ಗೂಡಿನ ಹಿಂಗೋಡೆಯನ್ನು ನೋಡಿ. ಕಪ್ಪು ಬಣ್ಣದ ಒಂದು ತಗಡಿನ ಡಬ್ಬ ಇರುತ್ತದೆ. ಎರಡು ಊಟದ ತಟ್ಟೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಅಂಚು ಮಡಿಸಿದ ಹಾಗೆ. ಅದಕ್ಕೆ ಬೂಸ್ಟರ್ ಅನ್ನುತ್ತಾರೆ. ಹಳಬರು ಸರ್ವೋ ಅನ್ನುತ್ತಾರೆ. ಅದರ ಮುಂದೆ ಮಾಸ್ಟರ್ ಸಿಲಿಂಡರ್, ಅದರ ಮೇಲೆ ಆಯಿಲಿನ ಬಿಳಿ ಡಬ್ಬಿ. ಬೂಸ್ಟರಿನಿಂದ ಹೆಬ್ಬೆರಳು ಗಾತ್ರದ ಒಂದು ರಬ್ಬರ್ ಪೈಪು ಹೊರಟು ಇಂಜಿನ್ನಿಗೆ ಹೋಗುತ್ತದೆ. ಈ ಪೈಪನ್ನು ನೆನಪಿಟ್ಟುಕೊಳ್ಳಿ. ನನ್ನ ಕಥೆಯ ಖಳನಾಯಕ ಇದೇ.

ಬೂಸ್ಟರಿನ ಒಳಗೆ ನಡುವೆ ಒಂದು ರಬ್ಬರಿನ ಪರದೆ. ಪರದೆಯ ಎರಡೂ ಕಡೆ ಎರಡು ಕೋಣೆ. ಪೆಟ್ರೋಲ್ ಇಂಜಿನ್ ಓಡುವಾಗ ಗಾಳಿಯನ್ನು ಹೀರುತ್ತದೆ. ಆ ಹೀರುವಿಕೆ ಪೈಪಿನ ಮೂಲಕ ಬೂಸ್ಟರಿನ ಎರಡೂ ಕೋಣೆಗಳಿಂದ ಗಾಳಿ ಎಳೆದುಕೊಳ್ಳುತ್ತದೆ. ಅಂದರೆ ಒಳಗೆ ಹೆಚ್ಚುಕಡಿಮೆ ನಿರ್ವಾತ. ನೀವು ಪೆಡಲ್ ತುಳಿದ ತಕ್ಷಣ, ನಿಮ್ಮ ಕಡೆಯ ಕೋಣೆಗೆ ಮಾತ್ರ ಹೊರಗಿನ ಗಾಳಿ ನುಗ್ಗುತ್ತದೆ. ಒಂದು ಕಡೆ ಗಾಳಿ, ಇನ್ನೊಂದು ಕಡೆ ಇಲ್ಲ. ಪರದೆ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ನಿಮ್ಮ ಕಾಲಿನ ಜೊತೆ ಗಾಳಿಯೂ ತುಳಿಯುತ್ತದೆ.

ಗಾಳಿ ಎಷ್ಟು ತುಳಿದೀತು, ಅನ್ನಬೇಡಿ. 17ನೇ ಶತಮಾನದಲ್ಲಿ ಜರ್ಮನಿಯ ಒಂದು ಊರಿನಲ್ಲಿ ಆಟೋ ಫಾನ್ ಗ್ಯೂರಿಕೆ ಎಂಬ ಮೇಯರ್ ಇದ್ದರು. ಊರಿನ ಹೆಸರು ಮಾಗ್ಡೆಬರ್ಗ್. ನಮ್ಮ ಮಾಗಡಿಗೂ ಅದಕ್ಕೂ ಸಂಬಂಧವಿಲ್ಲ, ಪಾಠ ಮಾಡುವಾಗ ಹುಡುಗರು ನಕ್ಕೇ ನಗುತ್ತಿದ್ದರು. ಆ ಮೇಯರ್ ತಾಮ್ರದ ಎರಡು ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆದರು. ಆಮೇಲೆ ಎರಡೂ ಕಡೆ ಕುದುರೆಗಳ ಸಾಲು ಕಟ್ಟಿ ಎಳೆಸಿದರು. ಗೋಳ ಬಿಡಿಸಿಕೊಳ್ಳಲಿಲ್ಲ. ಅಂಟೂ ಇಲ್ಲ, ಬೋಲ್ಟೂ ಇಲ್ಲ. ಹೊರಗಿನ ಗಾಳಿ ಒತ್ತಿ ಹಿಡಿದಿತ್ತು.

ನಮ್ಮ ಲೆಕ್ಕಕ್ಕೆ ಬರೋಣ. ಸುಮಾರು 9 ಇಂಚಿನ ಬೂಸ್ಟರ್ ಅಂದುಕೊಳ್ಳಿ. ಪರದೆಯ ಹರವು 400 ಚದರ ಸೆಂಟಿಮೀಟರ್. ಗಾಳಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸರಿಸುಮಾರು 1 ಕಿಲೋ ಭಾರ ಹಾಕುತ್ತದೆ. ಬೂಸ್ಟರಿನಲ್ಲಿ ಪೂರ್ತಿ ನಿರ್ವಾತ ಆಗುವುದಿಲ್ಲ. ಮೂರರಲ್ಲಿ ಎರಡು ಪಾಲು ಆಗುತ್ತದೆ ಅನ್ನಿ. ಆದರೂ 200 ಕಿಲೋಗಿಂತ ಹೆಚ್ಚು ಬಂತು. 50 ಕಿಲೋದ ನಾಲ್ಕು ಮೂಟೆ ರಾಗಿ ನಿಮ್ಮ ಜೊತೆ ಪೆಡಲಿನ ಹಿಂದೆ ಕೂತಿದೆ. ಆ ನಾಲ್ಕು ಮೂಟೆ ಇದ್ದಕ್ಕಿದ್ದ ಹಾಗೆ ಎದ್ದು ಹೋದರೆ, ಉಳಿದದ್ದು ನಿಮ್ಮ ಕಾಲೊಂದೇ. ಪೆಡಲ್ ಕಲ್ಲಾಯಿತು ಅನ್ನಿಸುವುದು ಅದಕ್ಕೇ.

ಈ ಉಪಾಯ ಹೊಸದೇನಲ್ಲ. ಬೆಲ್ಜಿಯಂ ದೇಶದ ಆಲ್ಬರ್ಟ್ ಡೆವಾಂದ್ರ್ ಎಂಬ ಇಂಜಿನಿಯರ್ 1920ರ ದಶಕದಲ್ಲೇ ಇದನ್ನು ರೂಪಿಸಿದ್ದರು. ನಮ್ಮ ಕಡೆಯ ಕಾರುಗಳಿಗೆ ಬರಲು ಬಹಳ ಕಾಲ ಹಿಡಿಯಿತು. ಹಳೆಯ ಅಂಬಾಸಡರ್ ಓಡಿಸಿದವರ ಬಲಗಾಲಿನ ಮೀನಖಂಡವನ್ನು ನೋಡಿದರೆ ಇದು ಗೊತ್ತಾಗುತ್ತದೆ. ಅವರಿಗೆ ಬೂಸ್ಟರೂ ಅದೇ, ಬ್ರೇಕೂ ಅದೇ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಪೆಡಲ್ ಕಲ್ಲಾದರೆ ಬಹುಪಾಲು ಗಾಳಿಯ ಸಹಾಯ ತಪ್ಪಿದೆ. ಆ ಸಹಾಯ ಬೂಸ್ಟರಿನಲ್ಲಿದೆ. ಬೂಸ್ಟರಿಗೆ ನಿರ್ವಾತ ಬರುವುದು ಒಂದು ಪೈಪಿನಿಂದ. ಈಗ ಪರೀಕ್ಷೆ. ಮೂರಕ್ಕೂ ಸೇರಿ ಐದು ನಿಮಿಷ ಸಾಕು. ಸ್ಪ್ಯಾನರ್ ಬೇಡ.

ಮೊದಲನೆಯದು. ಇಂಜಿನ್ ಆರಿಸಿ. ಪೆಡಲನ್ನು ನಾಲ್ಕೈದು ಸಲ ತುಳಿದು ಬಿಡಿ. ಕೂಡಿಟ್ಟಿದ್ದ ನಿರ್ವಾತ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಈಗ ಹದವಾಗಿ ತುಳಿದು ಹಿಡಿದುಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಒಂದು ಬೆರಳಿನಷ್ಟು ಕೆಳಗೆ ಇಳಿಯಬೇಕು. ಇಳಿದರೆ ಗಾಳಿ ಕೆಲಸಕ್ಕೆ ಬಂದಿದೆ. ಇಳಿಯದಿದ್ದರೆ ಬಂದಿಲ್ಲ.

ಎರಡನೆಯದು. ಇಂಜಿನ್ ಒಂದೆರಡು ನಿಮಿಷ ಓಡಲಿ. ಆರಿಸಿ. ಈಗ ನಿಧಾನವಾಗಿ ಮೂರು ಸಲ ತುಳಿಯಿರಿ. ಮೊದಲ ಸಲ ಪೆಡಲ್ ಆಳಕ್ಕೆ ಹೋಗಬೇಕು. ಎರಡನೆಯ ಸಲ ಸ್ವಲ್ಪ ಮೇಲೆ ನಿಲ್ಲಬೇಕು. ಮೂರನೆಯ ಸಲ ಇನ್ನೂ ಮೇಲೆ. ಮೊದಲ ಸಲವೇ ಕಲ್ಲಾಗಿದ್ದರೆ ಬೂಸ್ಟರ್ ನಿರ್ವಾತವನ್ನು ಹಿಡಿದಿಟ್ಟುಕೊಳ್ಳುತ್ತಿಲ್ಲ.

ಮೂರನೆಯದು. ಇಂಜಿನ್ ಓಡುತ್ತಿರುವಾಗ ಪೆಡಲ್ ತುಳಿದು ಹಿಡಿಯಿರಿ. ಹಿಡಿದುಕೊಂಡೇ ಇಂಜಿನ್ ಆರಿಸಿ. ಮನಸ್ಸಿನಲ್ಲೇ 30 ಎಣಿಸಿ. ಪೆಡಲ್ ಇದ್ದಲ್ಲೇ ಇರಬೇಕು. ಕಾಲನ್ನು ಮೇಲಕ್ಕೆ ತಳ್ಳಿಕೊಂಡು ಬಂದರೆ ಒಳಗೆ ಎಲ್ಲೋ ಸೋರಿಕೆ ಇದೆ.

ಇಲ್ಲೇ ಒಂದು ಮಾತು ಸೇರಿಸುತ್ತೇನೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಪೆಡಲ್ ಗಟ್ಟಿ ಇದ್ದರೆ ಗಾಬರಿ ಬೇಡ. ಅದು ರೋಗವಲ್ಲ, ನಿರ್ವಾತ ಖಾಲಿಯಾಗಿದೆ ಅಷ್ಟೆ. ಈಗಿನ ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಇದೊಂದು ತಮಾಷೆ. ಪೆಡಲ್ ಗಟ್ಟಿ ಇದ್ದರೆ ನಿಮ್ಮ ಕಾಲು ಅದನ್ನು ಸಾಕಷ್ಟು ಇಳಿಸುವುದಿಲ್ಲ. ಕಾರಿಗೆ ನೀವು ಬ್ರೇಕ್ ತುಳಿದದ್ದೇ ಗೊತ್ತಾಗುವುದಿಲ್ಲ. ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಹೋಯಿತೆಂದು ಜನ ಫೋನ್ ಮಾಡುತ್ತಾರೆ. ಇನ್ನೂ ಗಟ್ಟಿಯಾಗಿ ತುಳಿಯಿರಿ ಅನ್ನುತ್ತೇನೆ. ಆಗುತ್ತದೆ. ಆದರೆ ಹತ್ತು ನಿಮಿಷ ನಿಲ್ಲಿಸಿ ಬಂದರೂ ಹೀಗೇ ಆದರೆ, ಗಾಳಿ ಎಲ್ಲೋ ಒಳಗೆ ಜಾರುತ್ತಿದೆ ಎಂದರ್ಥ.

ಮೂರು ಪರೀಕ್ಷೆ ಆಯಿತು. ಮೂರೂ ಗಾಳಿಯ ಸಹಾಯ ಇದೆಯೇ ಇಲ್ಲವೇ ಎಂದಷ್ಟೇ ಹೇಳುತ್ತವೆ. ಇಲ್ಲ ಎಂದಾದರೆ, ಎಲ್ಲಿ ತಪ್ಪಿದೆ ಎಂದು ಹುಡುಕಬೇಕು. ಹುಡುಕಲು ಕಣ್ಣಿಗಿಂತ ಕಿವಿ ಒಳ್ಳೆಯದು.

ಇಂಜಿನ್ ಓಡುತ್ತಿರಲಿ. ರೇಡಿಯೋ ಆರಿಸಿ, ನನ್ನ ಭಾಷಣವೇ ಬರುತ್ತಿದ್ದರೂ ಸರಿ. ಪೆಡಲ್ ತುಳಿದು ಹಿಡಿಯಿರಿ. ಹಾವು ಬುಸುಗುಟ್ಟಿದ ಹಾಗೆ ಕಾಲಿನ ಬುಡದಲ್ಲಿ ಸದ್ದು ನಿಲ್ಲದೆ ಬಂದರೆ ಬೂಸ್ಟರಿನ ಪರದೆಯೋ ಒಳಗಿನ ವಾಲ್ವೋ ಹರಿದಿದೆ. ತುಳಿದ ಕ್ಷಣ ಒಂದು ಸಣ್ಣ ನಿಟ್ಟುಸಿರು ಕೇಳಿಸುವುದು ಸಹಜ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸದ್ದು ಬಾನೆಟ್ಟಿನ ಕೆಳಗೆ ಬಂದರೆ ಪೈಪು ಸೀಳಿರಬಹುದು, ಕ್ಲಿಪ್ ಸಡಿಲವಾಗಿರಬಹುದು. ಆಗ ಇಂಜಿನ್ನೂ ಒಂದೇ ಸಮನೆ ನಿಲ್ಲುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಅದುರುತ್ತದೆ. ಬೇಡದ ಗಾಳಿ ಕುಡಿಯುತ್ತಿದೆ ಅದು.

ಪೈಪು ಬೂಸ್ಟರಿಗೆ ಸೇರುವಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ವಾಲ್ವ್ ಇರುತ್ತದೆ. ಕೆಲವು ಕಾರಿನಲ್ಲಿ ಪೈಪಿನ ನಡುವೆಯೇ ಇರುತ್ತದೆ. ಗಾಳಿ ಒಂದೇ ದಿಕ್ಕಿಗೆ ಹೋಗಬೇಕು, ಹಿಂದಕ್ಕೆ ಬರಬಾರದು. ಅದೇ ಅದರ ಕೆಲಸ. ಬಿಚ್ಚಿ ಬಾಯಿಂದ ಊದಿ. ಒಂದು ಕಡೆಯಿಂದ ಗಾಳಿ ಹೋಗಬೇಕು, ಇನ್ನೊಂದು ಕಡೆಯಿಂದ ಹೋಗಬಾರದು. ಎರಡೂ ಕಡೆ ಹೋದರೆ ವಾಲ್ವ್ ಸತ್ತಿದೆ. ಎರಡೂ ಕಡೆ ಹೋಗದಿದ್ದರೂ ಸತ್ತಿದೆ.

ಚನ್ನಪಟ್ಟಣದಲ್ಲಿ ನನಗೆ ಪರಿಚಯದ ಒಬ್ಬ ಮೇಸ್ತ್ರಿ ಇದ್ದಾರೆ. ಅವರ ಪೆಟ್ಟಿಗೆಯಲ್ಲಿ ಒಂದು ಮರದ ಬೆಣೆ ಇದೆ. ಗೊಂಬೆ ಕಡೆಯುವ ಲೇತಿನಲ್ಲಿ ಆಲೆ ಮರದ ತುಂಡಿನಿಂದ ಕಡೆಸಿಕೊಂಡದ್ದು. ಒಂದು ತುದಿ ಕಿರುಬೆರಳಿನಷ್ಟು ಸಣ್ಣ, ಇನ್ನೊಂದು ತುದಿ ಹೆಬ್ಬೆರಳಿಗಿಂತ ದಪ್ಪ. ಕಡೆದವನು ಕೈಯ ಅಭ್ಯಾಸಕ್ಕೆ ಕೆಂಪು ಅರಗನ್ನೂ ಹಚ್ಚಿಕೊಟ್ಟಿದ್ದಾನೆ. ನೋಡಿದರೆ ಬುಗುರಿ. ಬೂಸ್ಟರ್ ಕಡೆಯಿಂದ ಪೈಪು ಬಿಚ್ಚಿ, ಅದರ ಬಾಯಿಗೆ ಈ ಬೆಣೆ ಹಾಕುತ್ತಾರೆ. ಕಾರು ನಿಂತೇ ಇರುತ್ತದೆ. ಇಂಜಿನ್ ಸ್ಟಾರ್ಟ್ ಮಾಡುತ್ತಾರೆ. ಅದುರುತ್ತಿದ್ದ ಇಂಜಿನ್ ಈಗ ಸಮನಾದರೆ ಸೋರಿಕೆ ಬೂಸ್ಟರಿನಲ್ಲಿ. ಈಗಲೂ ಅದುರಿದರೆ ಪೈಪಿನಲ್ಲಿ, ಇಲ್ಲವೇ ಇಂಜಿನ್ನಿನಲ್ಲೇ ಇನ್ನೆಲ್ಲೋ. ಕಂಪ್ಯೂಟರ್ ಜೋಡಿಸಿ ನೋಡುವ ಕಡೆಯೂ ಇಷ್ಟು ಬೇಗ ಉತ್ತರ ಬಂದದ್ದನ್ನು ನಾನು ಕಂಡಿಲ್ಲ.

ಪೈಪಿಗೆ ನೂರರ ಲೆಕ್ಕ. ವಾಲ್ವಿಗೂ ನೂರರ ಲೆಕ್ಕ. ಬೂಸ್ಟರಿಗೆ ಸಾವಿರಗಳ ಲೆಕ್ಕ. ಅದಕ್ಕೇ ನೂರರದ್ದನ್ನು ನೋಡದೆ ಸಾವಿರದ್ದಕ್ಕೆ ಕೈ ಹಾಕಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ಹೇಳುವುದು ಸುಲಭ. ಸಂಗಮದ ಇಳಿಜಾರಿನಿಂದ ವಾಪಸು ಬಂದು ನಾನೇನು ಮಾಡಿದೆ ಗೊತ್ತೇ?

ಡಿಸ್ಕ್ ಪ್ಯಾಡ್ ಬದಲಾಯಿಸಿದೆ.

ನನ್ನ ತರ್ಕ ಹೀಗಿತ್ತು. ಇಳಿಜಾರಿನಲ್ಲಿ ಬ್ರೇಕನ್ನು ಮೇಲಿಂದ ಮೇಲೆ ತುಳಿದರೆ ಪ್ಯಾಡು ಕಾದು ಹೋಗುತ್ತದೆ. ಕಾದ ಪ್ಯಾಡಿಗೆ ಹಿಡಿತವಿಲ್ಲ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇದು ನಿಜವಾದ ರೋಗವೇ. ಪ್ಯಾಡಿನ ಮೈ ಗಾಜಿನ ಹಾಗೆ ನುಣುಪಾಗಿರುತ್ತದೆ, ಸುಟ್ಟ ವಾಸನೆ ಬರುತ್ತದೆ. ಪ್ಯಾಡನ್ನು ಒತ್ತುವ ಕ್ಯಾಲಿಪರ್ ಜಾಮ್ ಆಗಿದ್ದರೂ ಹೀಗೇ ಆಗಬಹುದು. ಕಾರು ಬಹಳ ದಿನ ನಿಂತಿದ್ದರೆ, ಮಳೆಗಾಲ ಕಳೆದಿದ್ದರೆ ಅದರ ಪಿನ್ನು ತುಕ್ಕು ಹಿಡಿಯುತ್ತದೆ. ನನ್ನ ಕಾರು ಮಾಗಡಿ ಹತ್ತಿರ ನಮ್ಮ ಬಾಮೈದನ ತೋಟದಲ್ಲಿ ಒಂದು ತಿಂಗಳು ನಿಂತಿತ್ತು. ಎಲ್ಲ ಹೊಂದಿಕೊಂಡಿತು. ಮೂರೂ ಪರೀಕ್ಷೆಯನ್ನೂ ಮಾಡಿದೆ, ಬೆಳಿಗ್ಗೆ ಕಾಫಿ ಕುಡಿದು, ಮನೆ ಮುಂದೆ. ಮೂರರಲ್ಲೂ ಕಾರು ಪಾಸು. ಬುಸ್ ಸದ್ದಿಲ್ಲ. ಇಂಜಿನ್ ಅದುರುತ್ತಿಲ್ಲ. ಬೂಸ್ಟರ್ ಚೆನ್ನಾಗಿದೆ ಎಂದು ತೀರ್ಮಾನಿಸಿದೆ. ಹೊಸ ಪ್ಯಾಡ್ ಹಾಕಿಸಿದೆ. ಪಿನ್ನಿಗೆ ಗ್ರೀಸ್ ಹಚ್ಚಿಸಿದೆ.

ಮೂರು ವಾರದ ಮೇಲೆ ಒಂದು ದಿನ ರಾಮನಗರದಿಂದ ಚನ್ನಪಟ್ಟಣಕ್ಕೆ ಹಳೆಯ ರಸ್ತೆಯಲ್ಲಿ ಹೋಗುತ್ತಿದ್ದೆ. ಹನ್ನೆರಡು ಕಿಲೋಮೀಟರ್ ದಾರಿ. ಜಾನಪದ ಲೋಕ ದಾಟಿದೆ. ಕೆಂಗಲ್ ದಾಟಿದೆ. ಊರು ಹತ್ತಿರ ಬಂತು, ಹಂಪುಗಳು ಬಂದವು. ಮೊದಲ ಹಂಪಿಗೆ ಬ್ರೇಕ್ ಸರಿ. ಎರಡನೆಯದಕ್ಕೂ ಸರಿ. ಮೂರನೆಯದಕ್ಕೆ ಕಲ್ಲು.

ಇಲ್ಲಿ ಇಳಿಜಾರಿಲ್ಲ. ಪ್ಯಾಡು ಕಾಯುವ ಮಾತೇ ಇಲ್ಲ. ಆದರೆ ಲೆಕ್ಕ ಅದೇ. ಎರಡು ಸಲ ಸರಿ, ಮೂರನೆಯ ಸಲ ಕಲ್ಲು. ಸೀದಾ ಮೇಸ್ತ್ರಿಯ ಹತ್ತಿರ ಹೋದೆ. ಅವರು ಪಾನಾ ಎತ್ತಿಕೊಳ್ಳಲಿಲ್ಲ. ಒಂದು ಪ್ರಶ್ನೆ ಕೇಳಿದರು.

"ಬೆಳಿಗ್ಗೆ ಹೆಂಗದೆ ಸಾ? ಬಿಸಿ ಆದ್ಮೇಲೆ ಹೆಂಗದೆ?"

ನಾನು ಪಾಠ ಹೇಳಿದ ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಹುಡುಗರಿಗೆ ಕಲಿಸಿರಲಿಲ್ಲ. ಬೆಳಿಗ್ಗೆ ಚೆನ್ನಾಗಿರುತ್ತದೆ ಅಂದೆ.

"ಹಂಗಾದ್ರೆ ಇಂಜಿನ್ ಆರಿಸ್ಬೇಡಿ. ಫ್ಯಾನ್ ತಿರುಗ್ಲಿ. ಅಷ್ಟರಾಗೆ ಟೀ ಕುಡ್ಯವಾ."

ಟೀ ಮುಗಿಯಿತು. ಫ್ಯಾನ್ ತಿರುಗಿತು. ಮೇಸ್ತ್ರಿ ಬಾನೆಟ್ ಎತ್ತಿ, ಒಳಗೆ ಕೈ ಹಾಕಿ, ಬೂಸ್ಟರಿನ ಪೈಪನ್ನು ಎರಡು ಬೆರಳಲ್ಲಿ ಹಿಡಿದರು. "ಇಲ್ ಮುಟ್ಟಿ ಸಾ" ಅಂದರು. ಮುಟ್ಟಿದೆ. ದುಂಡಗಿರಬೇಕಾದ ಪೈಪು ಒಂದು ಗೇಣಿನಷ್ಟು ಉದ್ದಕ್ಕೆ ಲಂಗದ ಲಾಡಿಯ ಹಾಗೆ ಚಪ್ಪಟೆಯಾಗಿತ್ತು. ಬಿಸಿಗೆ ಮೆತ್ತಗಾಗಿ, ಇಂಜಿನ್ನಿನ ಹೀರುವಿಕೆಗೆ ಒಳಗಿಂದ ಒಳಕ್ಕೆ ಅಂಟಿಕೊಂಡಿತ್ತು.

ಅಂಗಡಿಯ ಮುಂದೆ ಎಳನೀರಿನ ಗಾಡಿ ಇತ್ತು. ಮೇಸ್ತ್ರಿ ಅಲ್ಲಿಂದ ಒಂದು ಕಾಗದದ ಸ್ಟ್ರಾ ತಂದು ನೀರಲ್ಲಿ ಅದ್ದಿ ನನ್ನ ಕೈಗೆ ಕೊಟ್ಟರು. ಹೀರಿ ಅಂದರು. ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ ಹೀರಿದೆ. ಸ್ಟ್ರಾ ತುಟಿಯ ಹತ್ತಿರವೇ ಪಚ್ಚೆಂದು ಅಂಟಿಕೊಂಡಿತು. ಪಾಠ ಕೇಳಿಸಿಕೊಳ್ಳುವ ಹುಡುಗನ ಹಾಗೆ ನಾನು ಸ್ಟ್ರಾ ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದೆ.

ಮತ್ತೊಮ್ಮೆ ಜೋಡಿಸಿ ಹೇಳುತ್ತೇನೆ. ಪೈಪು ಸೀಳಿದ್ದರೆ ಗಾಳಿ ಸೋರುತ್ತದೆ, ಸದ್ದು ಬರುತ್ತದೆ. ನನ್ನದು ಸೀಳಿರಲಿಲ್ಲ, ಮುಚ್ಚಿಕೊಳ್ಳುತ್ತಿತ್ತು. ಅದಕ್ಕೇ ಸದ್ದಿಲ್ಲ, ಅದುರಿಲ್ಲ. ಬೂಸ್ಟರಿನಲ್ಲಿ ಕೂಡಿಟ್ಟ ನಿರ್ವಾತ ಎರಡು ತುಳಿತಕ್ಕೆ ಸಾಕಾಗುತ್ತಿತ್ತು. ಮೂರನೆಯದಕ್ಕೆ ಹೊಸದು ಬರಬೇಕು, ದಾರಿ ಮುಚ್ಚಿತ್ತು. ಬೆಳಿಗ್ಗೆ ತಣ್ಣಗಾದಾಗ ಪೈಪು ಮತ್ತೆ ದುಂಡಗಾಗುತ್ತಿತ್ತು. ನಾನು ಪರೀಕ್ಷೆ ಮಾಡುತ್ತಿದ್ದದ್ದು ಬೆಳಿಗ್ಗೆ. ರೋಗ ಬರುತ್ತಿದ್ದದ್ದು ಮಧ್ಯಾಹ್ನ. ಆದ್ದರಿಂದ ಕೇಳುಗರೇ, ಈ ಮೂರು ಪರೀಕ್ಷೆಯನ್ನು ಒಮ್ಮೆ ತಣ್ಣಗಿದ್ದಾಗ ಮಾಡಿ, ಇನ್ನೊಮ್ಮೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದ ಮೇಲೆ ಮಾಡಿ.

ಆ ಪೈಪು ಹಾಗೆ ಯಾಕಾಯಿತು? ಅದು ಕಾರಿನ ಪೈಪೇ ಅಲ್ಲ. ಅದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಡೀಸೆಲ್ ಗಾಡಿಯವರಿಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಅವರು ನನ್ನನ್ನು ಬಿಡುವುದಿಲ್ಲ.

ಪೆಟ್ರೋಲ್ ಇಂಜಿನ್ ಹೀರುವಷ್ಟು ಬಲವಾಗಿ ಡೀಸೆಲ್ ಇಂಜಿನ್ ಹೀರುವುದಿಲ್ಲ. ಅದರ ಗಾಳಿಯ ದಾರಿ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಅದಕ್ಕೇ ಡೀಸೆಲ್ ಕಾರಿಗೆ ನಿರ್ವಾತಕ್ಕೆಂದೇ ಒಂದು ಪುಟ್ಟ ಪಂಪು ಇರುತ್ತದೆ. ಕೆಲವದರಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆನ್ನಿಗೆ, ಕೆಲವದರಲ್ಲಿ ಇಂಜಿನ್ನಿನ ತಲೆಯ ತುದಿಗೆ. ಈ ಪಂಪಿಗೆ ಇಂಜಿನ್ ಆಯಿಲೇ ಎಣ್ಣೆ. ಆಯಿಲ್ ಬದಲಾಯಿಸದೆ ವರ್ಷಗಟ್ಟಲೆ ಓಡಿಸಿದರೆ ಪಂಪಿನ ರೆಕ್ಕೆ ಸವೆಯುತ್ತದೆ. ಆಲ್ಟರ್ನೇಟರಿನ ಬೆನ್ನಿಗೆ ಪಂಪು ಇರುವ ಗಾಡಿಯಲ್ಲಿ ಬೆಲ್ಟ್ ತುಂಡಾದರೆ ಚಾರ್ಜೂ ಹೋಯಿತು, ಬ್ರೇಕಿನ ಸಹಾಯವೂ ಹೋಯಿತು. ಕೆಂಪು ಬ್ಯಾಟರಿ ದೀಪ ಹೊತ್ತಿಕೊಂಡರೆ ಮನೆಗೆ ಹೋಗಿ ನೋಡೋಣ ಅನ್ನಬೇಡಿ, ರಸ್ತೆ ಬದಿಗೆ ತೆಗೆದುಕೊಳ್ಳಿ. ಬಸ್ಸು, ದೊಡ್ಡ ಲಾರಿಗಳ ಮಾತು ಬೇರೆ. ಅವು ಗಾಳಿಯನ್ನು ಹೀರುವುದಿಲ್ಲ, ಒತ್ತಿ ತುಂಬಿಟ್ಟುಕೊಳ್ಳುತ್ತವೆ. ಅದು ಇನ್ನೊಂದು ಭಾಷಣ.

ಇನ್ನೊಂದು ಅಭ್ಯಾಸ. ಇದನ್ನು ಹೇಳುವಾಗ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ. ಇಳಿಜಾರು ಸಿಕ್ಕಿದರೆ ಇಂಜಿನ್ ಆರಿಸಿ ಕಾರು ಜಾರಿಸುವವರು ಇದ್ದಾರೆ. ಸಾವನದುರ್ಗದ ಕಡೆ ನೋಡಿದ್ದೇನೆ, ಸಂಗಮದ ದಾರಿಯಲ್ಲೂ ನೋಡಿದ್ದೇನೆ. ನಾಲ್ಕು ರೂಪಾಯಿಯ ಪೆಟ್ರೋಲ್ ಉಳಿಯಬಹುದು. ಆದರೆ ಇಂಜಿನ್ ಆರಿದ ಮೇಲೆ ನಿಮ್ಮ ಬಳಿ ಉಳಿಯುವುದು ಎರಡೋ ಮೂರೋ ತುಳಿತ. ಆಮೇಲೆ ಕಲ್ಲು. ಪವರ್ ಸ್ಟೇರಿಂಗೂ ಬಿಗಿಯಾಗುತ್ತದೆ. ಚಾವಿ ಪೂರ್ತಿ ತಿರುಗಿಸಿ ತೆಗೆದರೆ ಸ್ಟೇರಿಂಗ್ ಲಾಕೇ ಬೀಳಬಹುದು.

ಓಡುತ್ತಿರುವಾಗ ನಿಜವಾಗಿಯೂ ಪೆಡಲ್ ಕಲ್ಲಾದರೆ? ಮತ್ತೆ ಮತ್ತೆ ತುಳಿದು ಬಿಡಬೇಡಿ. ಪ್ರತಿ ಸಲ ಬಿಟ್ಟಾಗಲೂ ಉಳಿದ ಚೂರು ನಿರ್ವಾತ ಖರ್ಚಾಗುತ್ತದೆ. ಒಮ್ಮೆ ತುಳಿದು, ಬಿಡದೆ, ಎರಡೂ ಕಾಲಿನ ಭಾರ ಹಾಕಿ. ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದು ಮೆಲ್ಲಗೆ ಎಳೆಯಿರಿ, ಜಗ್ಗಿ ಎಳೆಯಬೇಡಿ. ಇಂಜಿನ್ ಆರಿಸಬೇಡಿ. ಬ್ರೇಕ್ ಇದೆ, ಸಹಾಯ ಇಲ್ಲ, ಅಷ್ಟೆ. ಆ ನೆನಪು ಕಾಲಿಗೆ ಧೈರ್ಯ ಕೊಡುತ್ತದೆ.

2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಈ ಮಾತಿಗೆ ತೂಕ ಹೆಚ್ಚಾಗಿದೆ. ಹಳೆಯ ರಸ್ತೆಯಲ್ಲಿ ಗಂಟೆಗೆ 40ರಲ್ಲಿ ಹೋಗುತ್ತಿದ್ದವರು ಈಗ ರಾಮನಗರ, ಚನ್ನಪಟ್ಟಣಗಳನ್ನು ಬದಿಯಿಂದ ದಾಟಿ 100ರಲ್ಲಿ ಹೋಗುತ್ತಾರೆ. 100 ಅಂದರೆ ಒಂದು ಸೆಕೆಂಡಿಗೆ ಸುಮಾರು 28 ಮೀಟರ್. ವೇಗ ಎರಡೂವರೆ ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ಆರು ಪಟ್ಟಾಗುತ್ತದೆ. ಎರಡೂವರೆಯಲ್ಲ, ಆರು. ನಾಲ್ಕು ಮೂಟೆ ಗಾಳಿಯ ಸಹಾಯ ಇಲ್ಲದೆ ಆ ವೇಗದಲ್ಲಿ ಕಾರು ನಿಲ್ಲಿಸಲು ನನಗಂತೂ ಮನಸ್ಸಿಲ್ಲ.

ಎತ್ತರದ ಬೆಟ್ಟಕ್ಕೆ ಹೋದಾಗ ಪೆಡಲ್ ಸ್ವಲ್ಪ ಗಟ್ಟಿ ಅನ್ನಿಸುತ್ತದೆ ಎಂದು ಒಬ್ಬರು ಕೇಳಿದ್ದರು. ಅದು ಭ್ರಮೆಯಲ್ಲ. ನಮ್ಮ ಸೀಮೆ ಸಮುದ್ರ ಮಟ್ಟದಿಂದ ಸುಮಾರು 2500 ಅಡಿ ಎತ್ತರ. ಊಟಿ 7000 ಅಡಿಗೂ ಮೇಲೆ. ಅಲ್ಲಿ ಗಾಳಿಯೇ ತೆಳು. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಕಾಲು ಭಾಗದಷ್ಟು ಒತ್ತಡ ಕಡಿಮೆ. ಮೂಟೆಗಳ ತೂಕವೂ ಅಷ್ಟು ಕಡಿಮೆ.

ಈಗ ರಿಪೇರಿಯ ಮಾತು. ಪರೀಕ್ಷೆಯಿಂದ ಬೂಸ್ಟರೇ ಕೆಟ್ಟಿದೆ ಎಂದು ಖಚಿತವಾದರೆ, ಹೊಸದು ಹಾಕುವ ಮೊದಲು ಆಯಿಲ್ ಡಬ್ಬಿಯನ್ನು ನೋಡಿ. ಆಯಿಲ್ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ, ಚಕ್ರದ ಹತ್ತಿರ ಎಲ್ಲೂ ಒದ್ದೆ ಇಲ್ಲ ಅನ್ನಿ. ಹಾಗಾದರೆ ಮಾಸ್ಟರ್ ಸಿಲಿಂಡರಿನ ಹಿಂದಿನಿಂದ ಆಯಿಲ್ ಬೂಸ್ಟರಿನ ಒಳಗೇ ಇಳಿಯುತ್ತಿರಬಹುದು. ಒಳಗಿನ ರಬ್ಬರನ್ನು ಅದೇ ಕೆಡಿಸುತ್ತದೆ. ಬೂಸ್ಟರ್ ಮಾತ್ರ ಬದಲಾಯಿಸಿ ಸಿಲಿಂಡರನ್ನು ಹಾಗೇ ಬಿಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಬೂಸ್ಟರಿನ ಅಂಚು ಬಿಚ್ಚಿ ಒಳಗಿನ ಪರದೆ ಬದಲಾಯಿಸಿ ಕೊಡುವವರೂ ಇದ್ದಾರೆ. ಕೆಲವರ ಕೈ ಬಹಳ ಒಳ್ಳೆಯದು. ಆದರೂ ನನ್ನ ಮನೆಯವರು ಕೂರುವ ಕಾರಿಗೆ ನಾನು ಹಾಕಿಸುವುದಿಲ್ಲ. ಬ್ರೇಕ್ ಆಯಿಲ್ ಡಬ್ಬಿಗೆ ಇಂಜಿನ್ ಆಯಿಲ್ ಸುರಿದು ತಂದವರನ್ನೂ ಕಂಡಿದ್ದೇನೆ. ರಬ್ಬರೆಲ್ಲ ಉಬ್ಬಿ ಬ್ರೇಕ್ ಹಿಡಿದುಕೊಂಡೇ ನಿಂತಿತ್ತು. ಎರಡೂ ಹೆಸರಿನಲ್ಲಿ ಆಯಿಲ್ ಅಂತ ಇದೆ, ಸಂಬಂಧ ಅಷ್ಟಕ್ಕೇ ಮುಗಿಯಿತು.

ಪೈಪಿನ ಮಾತು ಮುಗಿಸುತ್ತೇನೆ. ಬೂಸ್ಟರಿನ ಪೈಪಿಗೆ ಗೋಡೆ ದಪ್ಪ. ಒಳಗೆ ನೂಲಿನ ಹೆಣಿಗೆ ಇರುತ್ತದೆ. ಬಿಸಿಯನ್ನೂ ತಡೆಯಬೇಕು, ಹೀರಿದರೂ ಕುಗ್ಗಬಾರದು. ಅದಕ್ಕೆಂದೇ ಮಾಡಿದ ಪೈಪನ್ನೇ ಹಾಕಬೇಕು. ನನ್ನ ಕಾರಿನಲ್ಲಿ ಇದ್ದದ್ದು ಏನು? ಮಾಗಡಿಯ ತೋಟದಲ್ಲಿ ನಿಂತಿದ್ದಾಗ ಇಲಿ ಮೂಲ ಪೈಪನ್ನು ಕಡಿದಿತ್ತು. ಪಕ್ಕದಲ್ಲೇ ರೇಷ್ಮೆಹುಳುವಿನ ಮನೆ, ಅದರ ಆಚೆ ರಾಗಿಯ ಮೆದೆ, ಇಲಿಗಳಿಗೆ ಏನು ಕಡಿಮೆ. ಬಾಮೈದ ಒಂದು ದಿನ ಕಾರು ಸ್ಟಾರ್ಟ್ ಮಾಡಿ ನೋಡಿದ್ದಾನೆ. ಇಂಜಿನ್ ಅದುರಿದೆ, ಬುಸ್ಸೆಂದಿದೆ. ಬುದ್ಧಿವಂತ. ಕಡಿದ ಜಾಗ ಹುಡುಕಿದ್ದಾನೆ. ಹಿಪ್ಪುನೇರಳೆ ಸಾಲಿಗೆ ಹಾಕುವ ಹನಿ ನೀರಾವರಿಯ ಕಪ್ಪು ಪೈಪಿನಲ್ಲಿ ಅಳತೆಗೆ ತುಂಡು ಮಾಡಿ, ಎರಡು ಕ್ಲಿಪ್ ಬಿಗಿದಿದ್ದಾನೆ. ಇಂಜಿನ್ ಸಮನಾಗಿದೆ. ಕೆಲಸ ಎಷ್ಟು ನೀಟಾಗಿತ್ತೆಂದರೆ ಬಾನೆಟ್ ಎತ್ತಿ ನೋಡಿದಾಗಲೂ ನನ್ನ ಕಣ್ಣಿಗೆ ಅದು ಕಾರಿನದ್ದೇ ಅನ್ನಿಸಿತ್ತು. ನನಗೆ ಹೇಳುವುದನ್ನು ಮರೆತಿದ್ದ.

ಚನ್ನಪಟ್ಟಣದಲ್ಲಿ ಸರಿಯಾದ ಪೈಪು ಹಾಕಿಸಿಕೊಂಡು, ಚಪ್ಪಟೆಯಾದ ತುಂಡನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡೆ. ಹುಡುಗರಿಗೆ ತೋರಿಸಲು ಬೇಕು ಎಂದು. ಮುಂದಿನ ಭಾನುವಾರ ಮಾಗಡಿಗೆ ಹೋದಾಗ ಬಾಮೈದನ ಮುಂದೆ ಬಿಚ್ಚಿಟ್ಟೆ. ಇಳಿಜಾರಿನ ಕಥೆಯನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ಪೈಪನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ಒಂದು ತುದಿಗೆ ಬಾಯಿಟ್ಟು ಊದಿದ. ತಣ್ಣಗಿತ್ತಲ್ಲ, ದುಂಡಗೇ ನಿಂತಿತು.

"ತೂತಿಲ್ಲ ಭಾವ, ಚೆನ್ನಾಗೇ ಅದೆ" ಅಂದ. "ಆಚೆ ಸಾಲಲ್ಲಿ ಇಷ್ಟುದ್ದವೇ ಒಂದು ತುಂಡು ಕಮ್ಮಿ ಬಿದ್ದಿತ್ತು."